ಒಂದೇ ಕಾರ್ಡಿಗೆ ಇಡೀ ಮನೆಮಂದಿ

"ಪ್ಯಾಕೇಜ್ ಇಂಪೋರ್ಟ್ ಮಾಡಿ ಪ್ರೋಗ್ರಾಂಗೆ ಕರೆಸಿಕೊಂಡರೆ ಅದರೊಳಗಿನ ಚಿಕ್ಕ ಭಾಗಗಳಾದ ಸಬ್‌ಮಾಡ್ಯೂಲ್‌ಗಳೆಲ್ಲ ತಾವೇ ಬರುತ್ತವೆ" ಎಂದು ಹೇಳಿ ಅಭ್ಯರ್ಥಿ ಪ್ರೋಗ್ರಾಂ ಓಡಿಸಿದ. ಪರದೆಯ ಮೇಲೆ ದೋಷದ ಸೂಚನೆ ಬಂತು. ಅದು ಗಂಗಾವತಿಯ ನಮ್ಮ ಕಾಲೇಜಿನಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಉಪನ್ಯಾಸಕರ ಹುದ್ದೆಗೆ ನಡೆದ ಸಂದರ್ಶನ. ನಂತರ ಬಂದ ಹುಲಿಹೈದರ ಊರಿನ ಹುಡುಗಿ ಪ್ಯಾಕೇಜಿನ ಜೊತೆ ಸಬ್‌ಮಾಡ್ಯೂಲಿನ ಹೆಸರನ್ನೂ ಬರೆದಳು. ಅದೇ ಪ್ರೋಗ್ರಾಂ ಸರಿಯಾಗಿ ಓಡಿತು.

ಅಕ್ಕಿ ಗಿರಣಿಯ ಮಾಲೀಕರೂ ಆದ ನಮ್ಮ ಕಾಲೇಜು ಸಮಿತಿಯ ಅಧ್ಯಕ್ಷರು ನಕ್ಕರು. "ಮದುವಿ ಕಾರ್ಡ್ ಮನೀಗೊಂದು ಕೊಟ್ರ ಮಂದಿಯೆಲ್ಲಾ ಬರ್ತಾರವ್ವಾ. ಒಬ್ಬೊಬ್ಬರನ್ನ ಬ್ಯಾರೆ ಕರೀಬೇಕೇನು?"

"ಇಲ್ಲಿ ಕರೀಬೇಕ್ರಿ ಸಾಹೇಬ್ರ. ಕರದವರಷ್ಟ ಬರ್ತಾರ್ರಿ."

ಆಕೆ ಹೊರಗೆ ಹೋದ ಮೇಲೆ ಅಧ್ಯಕ್ಷರು, "ಹಿರೇರಿಗೆ ಎದುರು ಮಾತಾಡ್ತಾಳ, ಬ್ಯಾಡ" ಎಂದರು.

ಹುದ್ದೆ ಮೊದಲು ಬಂದಿದ್ದ ಆತನಿಗೇ ಸಿಕ್ಕಿತು. ಆತನ ಪ್ರೋಗ್ರಾಂ ಓಡದೆ ನಿಂತಾಗಲೆಲ್ಲ ಕಾಲೇಜು ಹೊಸ ಕಂಪ್ಯೂಟರ್ ತರಿಸುತ್ತಿದೆ.