ಹಲ್ಲಿನಲ್ಲಿ ಕಚ್ಚಿ ಹರಿದ ಮೀನು

ಟೀಚರಮ್ಮನ ಹತ್ತು ಬೆರಳಿಗೂ ಮೈದಾ ಅಂಟು ಒಣಗಿ ಮೆತ್ತಿಕೊಂಡಿರುತ್ತಿತ್ತು. ಮಾತಾಡುತ್ತಲೇ ಅದನ್ನು ಸುಲಿದು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. ತಮಿಳು ಸೀಮೆಗೆ ಸೇರಿದ ಆಲಸನತ್ತಂನ ನಮ್ಮ ಅಂಗನವಾಡಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಇಲ್ಲ. ರಾಯಕೋಟೆ ಕಡೆಯ ರೈತರ ಮನೆಯವರು, ಸಮುದ್ರ ಕಂಡವರಲ್ಲ. ಆದರೂ ಒಂದು ವರ್ಷ ಮಕ್ಕಳಿಗೆ ಸಮುದ್ರ ಕಲಿಸಲೇಬೇಕೆಂದು ಹಟ ಹಿಡಿದು, ಹಳೆಯ ಕ್ಯಾಲೆಂಡರು, ಮದುವೆ ಕಾಗದ ಎಲ್ಲ ಕೂಡಿಹಾಕಿ ಗೋಡೆ ತುಂಬ ನೀಲಿ ನೀರು ಅಂಟಿಸಿದರು. ಅಂಟಿಸಿ, ಸುತ್ತ ಕಂದು ಕಾಗದದ ಏರಿಯನ್ನೂ ಕಟ್ಟಿದರು. ಅಷ್ಟು ನೀರು ಏರಿಯಿಲ್ಲದೆ ನಿಲ್ಲುವುದುಂಟೇ ಎಂದು ಅವರ ಲೆಕ್ಕ. ಕೆರೆ ನೋಡಿ ಬೆಳೆದ ನಮಗ್ಯಾರಿಗೂ ಅದು ತಪ್ಪೆನಿಸಲಿಲ್ಲ ನೋಡಿ.

ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಹುಟ್ಟಿನಿಂದ ಅವಳ ಬಲಗೈ ಬೆರಳು ಮಡಚುವುದಿಲ್ಲ, ಕತ್ತರಿ ಹಿಡಿಯಲಾರಳು. ಕಾಗದವನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಲ್ಲಿ ಹರಿದು ಒಂದು ಮೀನು ಮಾಡಿ, ಕಣ್ಣು ಬರೆಯಲೆಂದು ಮನೆಗೆ ತಂದಳು. ಬಾಲ ಎಲ್ಲಿ, ಮೂತಿ ಎಲ್ಲಿ, ದೇವರಿಗೇ ಗೊತ್ತು. ನನಗೆ ನಾಚಿಕೆಯಾಯಿತು. ಹೌದು, ಹೆತ್ತ ಮಗಳ ಬಗ್ಗೆಯೇ ನಾಚಿಕೆ. ಅದನ್ನು ಬಚ್ಚಿಟ್ಟು, ನಾನೇ ಕತ್ತರಿಯಲ್ಲಿ ಚೆಂದದ ಮೀನು ಕತ್ತರಿಸಿ ಮರುದಿನ ಅವಳ ಕೈಗೆ ಕೊಟ್ಟು ಕಳಿಸಿದೆ.

ಶಿಫ್ಟ್ ಮುಗಿಸಿ ಮಗಳನ್ನು ಕರೆದೊಯ್ಯಲು ಹೋದರೆ ಟೀಚರಮ್ಮ ಅದನ್ನು ನನ್ನ ಕೈಗೇ ವಾಪಸ್ ಕೊಟ್ಟರು.

"ಇದು ನಿನ್ ಮೀನು ಕಣಮ್ಮ. ಅವ್ಳ ಮೀನೆಲ್ಲಿ?"

ನನಗೆ ಸಿಟ್ಟು ಬಂತು. ನಾಲ್ಕು ಜನ ನೋಡಿ ನಗುತ್ತಾರೆ ಎಂದೆ. ನಗುವವರಿಗೆ ಬೇರೆ ಕೆಲಸವಿಲ್ಲ ಎಂದರು. ಹರಿದ ಮೀನನ್ನು ತರಿಸಿಕೊಂಡು ಸಮುದ್ರದ ನಟ್ಟನಡುವೆ ಅಂಟಿಸಿದರು.

ಮುಂದಿನ ವಾರ ಮೇಲಧಿಕಾರಿ ಮೇಡಂ ಫೋಟೊ ತೆಗೆಯಲು ಬಂದರು. ಏರಿ ಕಂಡು ಹೊಟ್ಟೆ ಹಿಡಿದು ನಕ್ಕರು. ಸಮುದ್ರಕ್ಕೆಲ್ಲಿಯ ಏರಿ, ಕಿತ್ತುಹಾಕಿ, ನಡುವೆ ಇರುವ ಆ ಚಿಂದಿಯನ್ನೂ ತೆಗೆಯಿರಿ, ಫೋಟೊ ಕೆಡುತ್ತದೆ ಎಂದು ತಮಿಳಿನಲ್ಲಿ ಹೇಳಿದರು. ಮಗಳನ್ನು ಕರೆದೊಯ್ಯಲು ಬಂದ ನಾನು ಬಾಗಿಲಲ್ಲೇ ತಲೆ ತಗ್ಗಿಸಿ ನಿಂತಿದ್ದೆ. ಮಗಳು ನನ್ನ ಮುಖ ನೋಡಿದಳು. ನಾನು ಅವಳ ಚಪ್ಪಲಿ ಹುಡುಕತೊಡಗಿದೆ.

ಟೀಚರಮ್ಮ ಸರಸರನೆ ಏರಿ ಕಿತ್ತರು. ಆಮೇಲೆ ಮೀನಿಗೆ ಅಡ್ಡವಾಗಿ ಬೆನ್ನು ಕೊಟ್ಟು ನಿಂತು, ಮೊದಲು ತಮಿಳಿನಲ್ಲಿ, ಮತ್ತೆ ನನಗೆ ನಾಟಲೆಂದು ಕನ್ನಡದಲ್ಲಿ ಹೇಳಿದರು.

"ಏರಿ ನನ್ ತಪ್ಪು, ಕಿತ್ತಾಕಿದ್ದೀನಿ. ಮೀನು ಮಗೀದು. ಅದನ್ನ ಮುಟ್ಟಕ್ ಬುಡಲ್ಲ."

ರಿಪೋರ್ಟ್ ಬರೆಯುತ್ತೇನೆಂದರು ಮೇಡಂ. ಬರೆಯಿರಿ ಎಂದರು ಇವರು. ಟೀಚರಮ್ಮನಿಗೆ ದೂರದ ಊರಿಗೆ ವರ್ಗವಾಯಿತು. ತಪ್ಪಾಯಿತೆಂದು ಬರೆದುಕೊಟ್ಟಿದ್ದರೆ ಇಲ್ಲೇ ಇರಬಹುದಿತ್ತು, ಬರೆಯಲಿಲ್ಲ. ಕೊನೆಯವರೆಗೂ ದಿನಕ್ಕೆರಡು ಬಸ್ಸು ಹತ್ತಿಳಿದರು. ನಾನು ನಿಲ್ಲಬೇಕಾದ ಜಾಗದಲ್ಲಿ ನಿಂತದ್ದಕ್ಕೆ ಅವರಿಗೆ ಆ ಶಿಕ್ಷೆ. ಅದು ಇವತ್ತಿಗೂ ನನ್ನನ್ನು ಸುಡುತ್ತದೆ.

ಹೋದ ತಿಂಗಳು ಅವರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಮರುದಿನವೇ ಮಗಳ ಶಾಲೆಯಿಂದ ಫೋನು. ಅವಳೀಗ ಮೂರನೇ ಕ್ಲಾಸು. ಪ್ರದರ್ಶನಕ್ಕೆ ಒಂದು ಚಾರ್ಟು ಬೇಕು, ಅವಳ ಕೈ ಹಾಗಿದೆಯಲ್ಲ, ನೀವೇ ಮಾಡಿಕೊಟ್ಟರೆ ನೀಟಾಗಿರುತ್ತದೆ ಎಂದರು ಮಿಸ್.

"ಅವ್ಳೇ ಮಾಡ್ತಾಳೆ ಮಿಸ್," ಎಂದೆ. "ಹೆಂಗಿದ್ರೂ ಅದ್ನೇ ಗೋಡೆಗೆ ಹಾಕ್ಬೇಕು. ಹಾಕಲ್ಲ ಅಂದ್ರೆ ಹೇಳಿ, ಈಗ್ಲೇ ಬತ್ತೀನಿ."