ಅವ್ವ ಹತ್ತಿದ ತಪ್ಪು ಬಸ್ಸು

ಹೈದರಾಬಾದಿಗೆ ಬಂದು ನಲವತ್ತು ವರ್ಷವಾದರೂ ನನಗೆ ಕಾರು ಓಡಿಸಲು ಬರುವುದಿಲ್ಲ. ಇದನ್ನು ಹೇಳಿಕೊಳ್ಳಲು ಮೊದಲು ನಾಚಿಕೆಯಾಗುತ್ತಿತ್ತು. ಈಗ ಕಾರುಗಳು ತಮ್ಮನ್ನು ತಾವೇ ಓಡಿಸಿಕೊಳ್ಳುವ ಕಾಲ ಬರುತ್ತಿರುವುದರಿಂದ, ಕಲಿಯದೆ ಉಳಿದದ್ದು ನನ್ನ ದೂರದೃಷ್ಟಿ ಎಂದು ಹೇಳಿಕೊಂಡು ತಿರುಗುತ್ತಿದ್ದೇನೆ.

ಅಂಥ ಕಾರಿನಲ್ಲಿ ನನ್ನನ್ನು ಕೂರಿಸಿದವಳು ತಂಗಿಯ ಮಗಳು ವೈದೇಹಿ. ಚಾಲಕರಿಲ್ಲದ ಕಾರುಗಳನ್ನು ಊರಿನ ರಸ್ತೆಗಳಿಗೆ ಒಗ್ಗಿಸುವ ಒಂದು ಸಣ್ಣ ಕಂಪನಿಯಲ್ಲಿ ಅವಳ ಕೆಲಸ. ವಾಸ ಕುಷಾಯಿಗೂಡದ ನಮ್ಮ ಮನೆಯಲ್ಲೇ. ಸುತ್ತ ಗೋಡೆಯಿದ್ದ ಕಂಪನಿಯ ಮೈದಾನದೊಳಗೆ ಕಾರು ತಾನೇ ತಿರುಗಿತು, ತಾನೇ ನಿಂತಿತು. ಗಾಳಿಗೆ ಹಾರಿ ಬಂದ ಪ್ಲಾಸ್ಟಿಕ್ ಚೀಲವೊಂದಕ್ಕೂ ದಾರಿಬಿಟ್ಟು ಕಾಯಿತು. ನಮ್ಮ ರಸ್ತೆಗಳಲ್ಲಿ ಮನುಷ್ಯರಿಗೂ ಅಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ಕಂಡಿಲ್ಲ.

"ಹೆಂಗೈತಿ ಮಾಮಾ?" ಎಂದಳು.

"ಭಾಳ ಛಲೋ ಐತಿ. ಆದ್ರ ಮಾತಾಡಾಕ ಯಾರೂ ಇಲ್ಲಲ್ಲ."

ಅವಳು ನಗಲಿಲ್ಲ. ನಮ್ಮ ಬಡಾವಣೆಯ ದೊಡ್ಡ ರಸ್ತೆಯ ಬಸ್ ನಿಲ್ದಾಣವನ್ನು ತೆಗೆದು, ಆ ಜಾಗವನ್ನು ಈ ಕಾರುಗಳು ನಿಲ್ಲಲು ಕೊಡಬಹುದೇ ಎಂದು ಅವಳು ವರದಿ ಬರೆಯಬೇಕಿತ್ತು. ಕಂಪನಿಗೆ ಬೇಕಾದ ಉತ್ತರ ಯಾವುದೆಂದು ಅವಳಿಗೆ ಗೊತ್ತಿತ್ತು. ತನ್ನ ಉತ್ತರ ಯಾವುದೆಂಬುದು ಮಾತ್ರ ಗೊತ್ತಿರಲಿಲ್ಲ.

ಆ ನಿಲ್ದಾಣದ ಮಾತು ಬಂದದ್ದೇ ನನಗೆ ಅವ್ವ ನೆನಪಾದಳು. ವಿಜಾಪುರದಿಂದ ಅವಳನ್ನು ಕರೆತಂದ ಹೊಸತು. ನಾನು ಕಚೇರಿಗೆ ಹೋದಾಗ ಕುಪ್ಪಸದ ಖಣ ತರಲೆಂದು ಒಬ್ಬಳೇ ಸುಲ್ತಾನ್ ಬಜಾರಿಗೆ ಹೋಗಿದ್ದಳು. ತೆಲುಗು ಬಾರದು, ಬೋರ್ಡು ಓದಲು ಬಾರದು. ಮರಳುವಾಗ ಕಂಡಕ್ಟರ್ "ಕೂ" ಎಂದು ಕೂಗಿದ್ದು ಕೇಳಿಸಿತಂತೆ. ಉಳಿದದ್ದು ಗದ್ದಲದಲ್ಲಿ ಮುಳುಗಿತು. ಅಷ್ಟು ಸಾಕಾಯಿತು, ಹತ್ತಿಬಿಟ್ಟಳು. ಅದು ಕೂಕಟ್‌ಪಲ್ಲಿಯ ಬಸ್ಸು. ಕುಷಾಯಿಗೂಡ ಊರಿನ ಒಂದು ತುದಿ, ಕೂಕಟ್‌ಪಲ್ಲಿ ಇನ್ನೊಂದು.

ಎಷ್ಟು ಹೊತ್ತಾದರೂ ಗುರುತಿನ ಗುಡಿ ಕಾಣದೆ, "ನಮ್ಮ ಓಣಿ ಇನ್ನೂ ಬರವಲ್ದಲ್ಲ" ಎಂದು ಅವ್ವ ತನ್ನಷ್ಟಕ್ಕೆ ಗೊಣಗಿದಳು. ಬುಟ್ಟಿ ಹಿಡಿದು ಪಕ್ಕದಲ್ಲಿ ಕೂತಿದ್ದ ಹೆಂಗಸು ತಟ್ಟನೆ ತಿರುಗಿದಳು. ಯಾದಗಿರಿ ಕಡೆಯ ಮಲ್ಲಮ್ಮ. ಕೂಕಟ್‌ಪಲ್ಲಿಯಲ್ಲಿ ಕಟ್ಟಡದ ಕೆಲಸಕ್ಕೆ ಹೊರಟವಳು.

"ಯವ್ವಾ, ನೀ ಎಲ್ಲಿಗಿ ಹೊಂಟಿ?"

"ಕುಷಾಯಿಗೂಡಕ್ಕ."

"ಇದು ಕೂಕಟ್‌ಪಲ್ಲಿಗಿ ಹೋಗಾಕತ್ತೈತಿ."

ಅವ್ವ ಅಳತೊಡಗಿದಳು. ಆಗ ಇಡೀ ಬಸ್ಸು ಪಂಚಾಯಿತಿಯಾಯಿತು. ತೆಲುಗು, ಉರ್ದು, ಮರಾಠಿ, ಕನ್ನಡ ಎಲ್ಲದರಲ್ಲೂ ಸಲಹೆಗಳು ಬಂದವು. ಡ್ರೈವರ್ ಎದುರಿನಿಂದ ಬರುತ್ತಿದ್ದ ಬಸ್ಸಿಗೆ ಕೈ ಅಡ್ಡ ಮಾಡಿ ನಿಲ್ಲಿಸಿ, "ಅನ್ನಾ, ಈ ಅಮ್ಮನಿ ಕುಷಾಯಿಗೂಡ ಬಸ್ಸು ಎಕ್ಕಿಂಚು" ಎಂದು, ಸರಿಯಾದ ಬಸ್ಸು ಹತ್ತಿಸುವಂತೆ ಹೇಳಿ ಆ ಬಸ್ಸಿನ ಡ್ರೈವರನಿಗೆ ಅವಳನ್ನು ಒಪ್ಪಿಸಿದ. ಅಷ್ಟಕ್ಕೇ ಬಿಡದೆ ಮಲ್ಲಮ್ಮ ಅವತ್ತಿನ ಕೆಲಸ ಬಿಟ್ಟು ತಾನೂ ಇಳಿದಳು, ಅವ್ವನ ಕೈಹಿಡಿದು ನಮ್ಮ ಬಾಗಿಲವರೆಗೆ ಬಂದಳು.

ಅಷ್ಟರಲ್ಲಿ ಸುದ್ದಿ ತಿಳಿದು ಕಚೇರಿಯಿಂದ ಓಡಿಬಂದು ಊರೆಲ್ಲ ಹುಡುಕಿ ದಣಿದಿದ್ದ ನಾನು ರೇಗಿದೆ. "ಹಿಂಗ ತಪ್ಪಿಸ್ಕೊಂಡ್ರ ಹೆಂಗ?"

"ನಾ ಎಲ್ಲಿ ತಪ್ಪಿಸ್ಕೊಂಡೀನಿ? ಬಸ್ಸು ತಪ್ಪಿ ಹೋಗಿತ್ತು" ಎಂದಳು ಅವ್ವ, ಮಲ್ಲಮ್ಮನಿಗೆ ಚಹಾ ಸೋಸುತ್ತ. ಆಮೇಲೆ ಅವ್ವ ಇರುವವರೆಗೂ ಪ್ರತಿ ನಾಗರಪಂಚಮಿಗೆ ಮಲ್ಲಮ್ಮ ನಮ್ಮ ಮನೆಗೆ ಬರುತ್ತಿದ್ದಳು. ತವರಿಗೆ ಬಂದವಳಂತೆ ಕಾಲು ಚಾಚಿ ಕೂತು ಉಂಡಿ ತಿನ್ನುತ್ತಿದ್ದಳು.

ವೈದೇಹಿ ಎಲ್ಲ ಕೇಳಿ, "ನಮ್ಮ ಕಾರ್ ಇದ್ದಿದ್ರ ಅಜ್ಜಿ ದಾರಿ ತಪ್ಪತಿದ್ದಿಲ್ಲ ಮಾಮಾ" ಎಂದಳು.

ಮಾತು ನಿಜ. ಮುದುಕರಿಗೆ, ಕಣ್ಣು ಕಾಣದವರಿಗೆ ಅಂಥ ಕಾರು ದೊಡ್ಡ ಆಸರೆ. ನಾನು ಅದನ್ನು ಹಳಿಯಲಾರೆ. "ಖರೇ ಐತಿ. ಆದ್ರ ಮಲ್ಲಮ್ಮನೂ ಸಿಗತಿದ್ದಿಲ್ಲ" ಎಂದೆ.

ಮರುದಿನ ವೈದೇಹಿ ಕಚೇರಿಯ ಕಾರು ಬಿಟ್ಟು ಬಸ್ಸಿನಲ್ಲಿ ಸುಲ್ತಾನ್ ಬಜಾರಿಗೆ ಹೊರಟಳು. ಮಧ್ಯಾಹ್ನಕ್ಕೆ ಬರಬೇಕಾದವಳು ಬರಲಿಲ್ಲ. ಕೊನೆಗೆ ಫೋನು ಬಂತು, ಪಿಸುದನಿ.

"ಮಾಮಾ, ಊಟಕ್ಕ ಕಾಯಬ್ಯಾಡ್ರಿ. ನಮ್ಮ ಸ್ಟಾಪ್ ದಾಟಿ ಬಂದೀನಿ."

"ಇಳೀಲಿಲ್ಲ ಯಾಕವಾ?"

"ಬಾಜೂಕ ಒಬ್ಬಾಕಿ ಅಜ್ಜಿ ನನ್ನ ಭುಜದ ಮ್ಯಾಲೆ ತಲಿ ಇಟ್ಟು ಮಲಗ್ಯಾಳ. ಎಬ್ಬಸಾಕ ಮನಸ್ಸು ಬರವಲ್ದು."

ಆ ವಾರವೇ ವರದಿ ಹೋಯಿತು. ಬಸ್ ನಿಲ್ದಾಣ ಇದ್ದಲ್ಲೇ ಇರಲಿ, ಕಾರುಗಳು ಗಲ್ಲಿಗಳಿಂದ ಜನರನ್ನು ತಂದು ಬಸ್ಸಿಗೆ ಮುಟ್ಟಿಸಲಿ ಎಂದು ಅವಳು ಬರೆದಿದ್ದಳು. ಮೇಲಿನವರು ಮುಖ ಗಂಟಿಕ್ಕಿದರೂ ಕೊನೆಗೆ ಒಪ್ಪಿದರಂತೆ. ನಾನು ಕನ್ನಡಕ ಹಾಕಿಕೊಂಡು ಅದನ್ನು ಪೂರ್ತಿ ಓದಿದೆ. ರಸ್ತೆಯ ಅಗಲ, ಜನದಟ್ಟಣೆ, ಹೊಗೆ, ಎಲ್ಲ ಕಾರಣಗಳೂ ಸರಿಯಾಗಿಯೇ ಇದ್ದವು. ಅವಳ ಭುಜದ ಮೇಲೆ ಮಲಗಿದ್ದ ಅಜ್ಜಿ ಮಾತ್ರ ಎಲ್ಲಿಯೂ ಇರಲಿಲ್ಲ. ನಿಜವಾದ ಕಾರಣ ಬರೆಯಲು ವರದಿಗಳಲ್ಲಿ ಜಾಗ ಬಿಟ್ಟಿರುವುದಿಲ್ಲ, ನೋಡಿ.