ಹಡಗಿನಣ್ಣ ಇಳಿಯದ ಊರು

ನನ್ನ ಮೊಮ್ಮಗಳು ಮಾರ್ಸೆಲ್ಸ್ ಊರಿನ ನೆಲ ತುಳಿದು ಬಂದಿದ್ದಾಳೆ! ಬೆಳಿಗ್ಗೆ ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಇಳಿದವಳು ಮನೆಗೆ ಬರುವಷ್ಟೂ ತಡೆಯಲಾರದೆ ಅಲ್ಲಿಂದಲೇ ಫೋನಿನಲ್ಲಿ ಕೂಗಿದಳು: "ಅಜ್ಜೀ, ಹಡಗಿನಜ್ಜನ ಊರಲ್ಲಿ ಇಳಿದೆ ಕಣಜ್ಜಿ! ಬೆಟ್ಟಾನೂ ಹತ್ತಿದೆ!"

ಕೈಯಲ್ಲಿದ್ದ ಮೊರ ಅಲ್ಲೇ ಬಿಟ್ಟು ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಹಾಲಿನವಳಿಗೆ ಎರಡು ಸಲ ಹೇಳಿದೆನಂತೆ. ಆದರೆ ಯಾರಿಗೆ ಹೇಳಬೇಕಿತ್ತೋ ಅವನೊಬ್ಬನಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ. ಮೂರನೇ ಕ್ಲಾಸಿಗೆ ಬಿಟ್ಟವಳ ಬರವಣಿಗೆ, ಹೇಗಿದ್ದರೂ ಓದಿಕೊಳ್ಳಿ.

ಹಡಗಿನಣ್ಣ ಎಂದರೆ ನನಗೆ ಮೊದಲು ಕಾಣುವುದು ಅವನ ಎರಡು ಕೈ. ತನ್ನ ಅಂಗಡಿಯ ಮುಂದೆ ಎದೆಯೆತ್ತರಕ್ಕೆ ಒಂದು ಕಬ್ಬಿಣದ ಪೈಪು ಅಡ್ಡ ಹಾಕಿಸಿದ್ದ. ಅದನ್ನು ಗಿಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದು, ಮುಂದಕ್ಕೆ ಬಾಗಿ, ದೂರ ನೋಡುತ್ತ ನಿಲ್ಲುತ್ತಿದ್ದ. ಎದುರಿಗಿದ್ದದ್ದು ಎಳನೀರಿನ ಗಾಡಿ, ಅದರಾಚೆ ತೆಂಗಿನ ತೋಟ. ಗಿರಾಕಿ ಬಂದರೆ ಒಂದು ಕೈ ಬಿಡುವನು, ಇನ್ನೊಂದು ಪೈಪಿನ ಮೇಲೇ.

ನಮ್ಮ ಗೋಡೆಗೆ ಅಂಟಿಕೊಂಡಿದ್ದ ಅಂಗಡಿ ಅದು. ಮಂಡಕ್ಕಿ, ಮಿರ್ಚಿ, ಬೋಂಡಾ. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ನಾನು ಅಣ್ಣಾ ಎಂದೆ, ನನ್ನ ಮಗ ಮಾವ ಎಂದ, ಹೀಗೆ ನಮ್ಮವನಾದ.

ಹರೆಯದಲ್ಲಿ ಮುಂಬೈಗೆ ಓಡಿಹೋಗಿ ಸರಕು ಹಡಗಿನಲ್ಲಿ ಅಡುಗೆಯವನಾಗಿದ್ದನಂತೆ. ಒಮ್ಮೆ ಹಡಗು ಫ್ರಾನ್ಸ್ ದೇಶದ ಮಾರ್ಸೆಲ್ಸ್ ಎಂಬ ಊರಿನ ಎದುರು ಲಂಗರು ಹಾಕಿತು. ಅಷ್ಟರಲ್ಲಿ ಹಡಗಿನ ಯಜಮಾನ ಸಾಲ ತೀರಿಸದೆ ತಲೆಮರೆಸಿಕೊಂಡ. ಸಾಲದವರ ವ್ಯಾಜ್ಯ ಮುಗಿಯುವವರೆಗೆ ಯಾರೂ ದಡಕ್ಕೆ ಇಳಿಯುವಂತಿಲ್ಲ. ವರ್ಷದ ಹತ್ತಿರ ಹಾಗೇ ಕಳೆಯಿತು. ಕಣ್ಣ ಮುಂದೆ ಊರು, ಕಾಲಿಗೆ ಸಿಗದು. ಹಡಗಿನಂಚಿನ ಕಂಬಿ ಹಿಡಿದು ನೋಡಿ ನೋಡಿಯೇ ಅವನಿಗೆ ಆ ಊರಿನ ಮೇಲೆ ಮನಸ್ಸಾಯಿತು. ಕೊನೆಗೆ ರಾತ್ರೋರಾತ್ರಿ ದೋಣಿಯಲ್ಲಿ ಇಳಿಸಿ, ಊರು ತೋರಿಸದೆ ವಿಮಾನ ಹತ್ತಿಸಿದರಂತೆ.

"ಜೈಲಾಗಿದ್ದು ಬಂದ ಊರನ್ನ ಯಾಕಿಷ್ಟು ಹೊಗಳ್ತೀಯಪ್ಪ?" ಎಂದು ಗಿರಾಕಿಗಳು ಕೆಣಕುತ್ತಿದ್ದರು.

"ಲೇ, ಜೈಲಾಗಿದ್ದು ಹಡಗು. ಊರೇನು ಮಾಡಿತ್ತು? ಭಾನುವಾರ ಭಾನುವಾರ ಒಬ್ಬ ಯಮ್ಮ ದೋಣೀಲಿ ಬರೋಳು. ಬ್ರೆಡ್ಡು, ಟಮಾಟ, ಸೋಪು ಹಗ್ಗಕ್ಕೆ ಕಟ್ಟಿ, ಕತ್ತೆತ್ತಿ ಬೋಂಜೂರ್ ಅನ್ನೋಳು. ನಮಸ್ಕಾರ ಅಂತ. ಅಷ್ಟು ದಿನದಾಗೆ ನಮ್ಮ ಮಕ ನೋಡಿ ಮಾತಾಡಿಸಿದೋಳು ಅವಳೊಬ್ಬಳೇ ಕಣಲೇ."

ಓಣಿಯ ಮಕ್ಕಳೆಲ್ಲ "ಬೋಂಜೂರ್, ಎರಡು ಮಿರ್ಚಿ" ಎನ್ನುವುದನ್ನು ಕಲಿತಿದ್ದವು.

ನನ್ನ ಮೊಮ್ಮಗಳು ಶಾಲೆ ಬಿಟ್ಟವಳೇ ಅಲ್ಲಿಗೆ ಓಡುವಳು. ಅವನು ದೊಡ್ಡ ತಟ್ಟೆಯಲ್ಲಿ ಮಂಡಕ್ಕಿಯನ್ನು ಗುಡ್ಡದಂತೆ ಸುರಿಯುವನು. ಅದು ಊರು. ತುದಿಗೆ ಒಂದು ಕಡ್ಲೆಬೀಜ. ಅದು ಬೆಟ್ಟದ ಮೇಲಿನ ಕ್ರೈಸ್ತರ ಗುಡಿ, ಮಗುವನ್ನೆತ್ತಿಕೊಂಡು ನಿಂತ ಚಿನ್ನದ ಅಮ್ಮ. ಬೆಳಗಿನ ಬಿಸಿಲು ಮೊದಲು ಬೀಳುತ್ತಿದ್ದದ್ದು ಅವಳ ಮೇಲಂತೆ, ಇವನು ಹಡಗಿನಿಂದಲೇ ಕೈ ಮುಗಿಯುತ್ತಿದ್ದನಂತೆ. ತಟ್ಟೆಯ ಈಚೆಗೆ ಮೂರು ಬೋಂಡಾ, ಅವು ದ್ವೀಪಗಳು. ಮರಗಿಡ ಕಡಿಮೆ, ಬರೀ ಬಿಳಿ ಬಂಡೆ, ಸಂಜೆಯಾದರೆ ಗುಲಾಬಿ ಬಣ್ಣ. ಎಲ್ಲಕ್ಕಿಂತ ಚಿಕ್ಕ ಬೋಂಡಾ ಒಂದು ಕೋಟೆ, ಹಿಂದಿನ ಕಾಲದಲ್ಲಿ ಅಲ್ಲಿ ಕೈದಿಗಳನ್ನು ಇಡುತ್ತಿದ್ದರಂತೆ.

"ಮೊದಲು ಜೈಲು ತಿನ್ನು ಪುಟ್ಟಿ. ಆಮ್ಯಾಕೆ ಉಳಿದಿದ್ದು" ಎನ್ನುವನು.

ಒಂದು ದಿನ ಅವಳು ಮಂಡಕ್ಕಿ ಗುಡ್ಡದ ಹಿಂಭಾಗಕ್ಕೆ ಬೆರಳಿಟ್ಟು, "ಇಲ್ಲೇನೈತಜ್ಜ?" ಎಂದಳು. ಅಷ್ಟು ವರ್ಷ ಯಾರೂ ಹಾಗೆ ಕೇಳಿರಲಿಲ್ಲ. ಅವನು ಬಾಣಲೆಯ ಮಿರ್ಚಿಗಳನ್ನು ಮಗುಚಿ ಹಾಕಿದ. "ಗೊತ್ತಿಲ್ಲ ಪುಟ್ಟಿ. ಹಡಗಿಂದ ಆ ಕಡೆ ಕಾಣ್ತಿರಲಿಲ್ಲ."

ಕೆಲವು ವರ್ಷಗಳ ಮೇಲೆ ಅವನಿಗೆ ಲಕ್ವ ಹೊಡೆಯಿತು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿ ಪಕ್ಕ ಮಂಚ. ನಾನು ಗಂಜಿ ಒಯ್ದಾಗ, "ಮತ್ತೆ ಹಡಗು ಹತ್ತಿದಂಗಾತು ತಂಗಿ" ಎಂದ. ನಗಲು ಹೋದರೆ ಬಾಯಿ ಒಂದು ಕಡೆಗೇ ಹೋಗುತ್ತಿತ್ತು.

ಅದೇ ವರ್ಷ ಮೊಮ್ಮಗಳು ಹಡಗು ನಡೆಸುವ ಓದಿಗೆ ಸೇರುತ್ತೇನೆಂದು ಹಟ ಹಿಡಿದಳು. ನನ್ನ ಮಗ ಬಿಲ್‌ಕುಲ್ ಆಗದು ಎಂದ. ಬುದ್ಧಿ ಹೇಳಿಸಲೆಂದು ಮಗಳನ್ನು ಎಳೆದುಕೊಂಡು ಹಡಗಿನಣ್ಣನ ಹತ್ತಿರವೇ ಹೋದ. "ನೀನೇ ಹೇಳು ಮಾವ. ನೀನೇ ಸಿಗಾಕ್ಕಂಡು ನರಳಿದೋನು. ನಾಳೆ ಇವಳು ಅಂಗೇ ಸಿಗಾಕ್ಕಂಡ್ರೆ?"

ಹಡಗಿನಣ್ಣ ಒಂದೊಂದೇ ಮಾತು ಕೂಡಿಸಿದ. "ಅಲ್ಲಿ ಸಿಗಾಕ್ಕಂಡಿದ್ದೆ. ಇಲ್ಲೂ ಸಿಗಾಕ್ಕಂಡೀನಿ. ಇವಳನ್ನ ಮನ್ಯಾಗೆ ಇಟ್ಕಂಡ್ರೆ ಸಿಗಾಕ್ಕಳಲ್ಲ ಅಂತ ಯಾರಪ್ಪ ಹೇಳಿದ್ರು ನಿಂಗೆ?"

ಆ ಮಾತು ನನಗೆ ನಾಟಿತು. ಹೊರಕೆರೆದೇವರಪುರದ ತವರು ಬಿಟ್ಟರೆ ಈ ಅಡುಗೆಮನೆ. ಎರಡರ ನಡುವೆಯೇ ನನ್ನ ಕೂದಲು ಬೆಳ್ಳಗಾಗಿತ್ತು. ಬಾಗಿಲಲ್ಲಿ ನಿಂತಿದ್ದ ನಾನೂ ಬಾಯಿಬಿಟ್ಟೆ: "ಕಳಿಸಪ್ಪ." ಮನೆಯ ವಿಚಾರದಲ್ಲಿ ನಾನು ಹಾಗೆ ಹೇಳಿದ್ದು ಅದೇ ಮೊದಲು.

ಹೊರಟವಳ ಕೈಯನ್ನು ಹಡಗಿನಣ್ಣ ಬಲಗೈಯಲ್ಲಿ ಹಿಡಿದುಕೊಂಡ. "ಆ ಊರಲ್ಲಿ ಇಳಿದ್ರೆ ಬೆಟ್ಟದ ಹಿಂದೆ ಏನೈತೆ ನೋಡ್ಕಂಡು ಬಾ ಪುಟ್ಟಿ. ನಂಗೆ ಹೇಳು."

ಅವಳು ಇನ್ನೂ ಓದುತ್ತಿರುವಾಗಲೇ ಅವನು ಹೋಗಿಬಿಟ್ಟ. ಬೆಳಿಗ್ಗೆ ಗಂಜಿ ಒಯ್ದಾಗ ಬಲಗೈ ಕಿಟಕಿಯ ಸರಳನ್ನು ಹಿಡಿದೇ ಇತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ನಾನೇ.

ಓದು ಮುಗಿಸಿ ಹಡಗಿನ ಕೆಲಸಕ್ಕೆ ಸೇರಿದ ಮೊಮ್ಮಗಳು ಇವತ್ತು ಬ್ಯಾಗು ಇಳಿಸಿದವಳೇ ಬೀಗ ಹಾಕಿದ್ದ ಆ ಅಂಗಡಿಯ ಮುಂದೆ ನಿಂತಳು. ಪೈಪಿಗೆ ಕೈಯಿಟ್ಟು ಜೋರಾಗಿಯೇ ಹೇಳಿದಳು: "ಬೋಂಜೂರ್ ಅಜ್ಜ. ಬೆಟ್ಟದ ಹಿಂದೆ ಮನೆಗಳು. ಮಹಡಿ ಮ್ಯಾಲೆ ಬಟ್ಟೆ ಒಣಗಾಕವ್ರೆ, ಮಕ್ಕಳು ಚೆಂಡಾಡ್ತವೆ. ಊರಂಚಿಗೆ ಸಮುದ್ರದ ದಂಡೇಲಿ ಒಬ್ಬ ಯಮ್ಮ ಎಣ್ಣೇಲಿ ಏನೋ ಕರೀತಿದ್ಲು. ತಿಂದು ನೋಡಿದೆ, ಕಡ್ಲೆಹಿಟ್ಟು ಕಣಜ್ಜ! ನಮ್ದೇ ಕಡ್ಲೆಹಿಟ್ಟು!"

ಅಷ್ಟು ಹತ್ತಿರ ಇದ್ದೂ ಅವನಿಗೆ ಆ ವಾಸನೆ ಬಂದಿರಲಿಲ್ಲ. ಬದುಕೆಲ್ಲ ಇಲ್ಲಿ ನಿಂತು ಅದನ್ನೇ ಕರಿದ. ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಕಡ್ಲೆಹಿಟ್ಟು ಕಲಸಲು ಎದ್ದೆ.

ಸಂಜೆ ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಸುತ್ತ ಕುಂತೆವು. ನಡುವೆ ದೊಡ್ಡ ತಟ್ಟೆ. ಮೊಮ್ಮಗಳು ಮಂಡಕ್ಕಿ ಗುಡ್ಡ ಸುರಿದು, ತುದಿಗೆ ಕಡ್ಲೆಬೀಜ ಇಟ್ಟು, ಈಚೆಗೆ ಮೂರು ಬೋಂಡಾ ಜೋಡಿಸಿದಳು. ನನ್ನ ಮಗ ಕೈ ಹಾಕಲು ಹೋದ.

"ತಡಿಯಪ್ಪ" ಎಂದಳು ಅವನ ಮಗಳು. ಚಿಕ್ಕ ಬೋಂಡಾ ಎತ್ತಿ ನನ್ನ ಬಾಯಿಗೇ ಹಿಡಿದಳು. "ಅಜ್ಜಿ, ಮೊದಲು ಜೈಲು ತಿನ್ನು."

ಬಿಸಿಯಿತ್ತು. ತಿಂದೆ. ಆಮೇಲೆ ಎಲ್ಲರೂ ಊರಿಗೆ ಕೈ ಹಾಕಿದರು.